ಲೋಕೋ ಮೋಟರ್ ಸುಡದಂತೆ ಆಮೀಟರ್ ಮೇಲೆ ಕಣ್ಣಿಡುವುದು ಹೇಗೆ

ಹೊಸದಾಗಿ ಎಎಲ್‌ಪಿ (ಅಸಿಸ್ಟೆಂಟ್ ಲೋಕೋ ಪೈಲಟ್) ಆಗಿ ಸೇರಿದ ಹುಡುಗರು ಕ್ಯಾಬ್‌ಗೆ ಬಂದ ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಿದ್ದರು. "ಸಾರ್, ಇಷ್ಟೊಂದು ರಿಲೇ ಇವೆಯಲ್ಲ, ಆಮೇಲೂ ಮೋಟರ್ ಸುಡೋದು ಹೇಗೆ?"

ನಾನು ಒಲೆಯ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಹಾಲು ಉಕ್ಕುವುದು ಬೇರೆ, ಸಾರು ತಳ ಹಿಡಿಯುವುದು ಬೇರೆ. ಹಾಲು ಉಕ್ಕಿದರೆ ಎಲ್ಲರಿಗೂ ಕಾಣುತ್ತದೆ, ತಕ್ಷಣ ಒಲೆ ಆರಿಸಬಹುದು. ತಳ ಹಿಡಿಯುವುದಕ್ಕೆ ಸದ್ದಿಲ್ಲ. ವಾಸನೆ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ರಿಲೇಗಳು, ಅಂದರೆ ಎಡವಟ್ಟಾದರೆ ತಾವಾಗೇ ಕೆಲಸ ಮಾಡುವ ಕಾವಲು ಸ್ವಿಚ್‌ಗಳು, ಹಾಲು ಕಾಯುತ್ತವೆ. ಸಾರು ಕಾಯಬೇಕಾದವರು ನಾವು.

ಇಲ್ಲಿ ಬರೆದಿರುವುದು ಟ್ಯಾಪ್ ಚೇಂಜರ್ (ಮೋಟರ್‌ಗೆ ಹೋಗುವ ವೋಲ್ಟೇಜನ್ನು ಹಂತ ಹಂತವಾಗಿ ಏರಿಸುವ ಸ್ವಿಚ್) ಇರುವ ಹಳೆಯ ವಿದ್ಯುತ್ ಲೋಕೋಗಳ ವಿಷಯ, ಮುಖ್ಯವಾಗಿ ವ್ಯಾಗ್-7 ಅನ್ನುವ ಗೂಡ್ಸ್ ಎಂಜಿನ್. ವ್ಯಾಗ್-5, ವ್ಯಾಪ್-4ಕ್ಕೂ ಹೆಚ್ಚುಕಮ್ಮಿ ಇದೇ ಅನ್ವಯಿಸುತ್ತದೆ. ನಿಮ್ಮ ಡಿವಿಜನ್‌ನ ಟ್ರಬಲ್ ಶೂಟಿಂಗ್ ಪುಸ್ತಕದಲ್ಲಿ ಬೇರೆ ಥರ ಹೇಳಿದ್ದರೆ ಅದೇ ಕೊನೆಯ ಮಾತು. ನನ್ನದಲ್ಲ.

ಮೊದಲು ಸ್ವಲ್ಪ ಲೆಕ್ಕ

ವ್ಯಾಗ್-7ರಲ್ಲಿ ಚಕ್ರ ತಿರುಗಿಸಲು ಆರು ಮೋಟರ್. ಹಿಟಾಚಿ ಎಚ್‌ಎಸ್ 15250ಎ ಅಂತ ಪ್ಲೇಟ್ ಮೇಲೆ ಇರುತ್ತದೆ. ಒಂದೊಂದೂ 630 ಕಿಲೋವಾಟ್, 750 ವೋಲ್ಟ್, 900 ಆಂಪ್. ಈ 900 ಅನ್ನುವುದು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದಾದ ಕರೆಂಟ್, ಅದೂ ಮೋಟರ್ ತಣಿಸುವ ಬ್ಲೋವರ್ ಫ್ಯಾನಿನ ಗಾಳಿ ಸರಿಯಾಗಿ ಬರುತ್ತಿದ್ದರೆ ಮಾತ್ರ.

750ನ್ನು 900ರಿಂದ ಗುಣಿಸಿ. 675 ಕಿಲೋವಾಟ್ ಬರುತ್ತದೆ. ಚಕ್ರಕ್ಕೆ ಹೋಗುವುದು 630. ಉಳಿದ 45 ಎಲ್ಲಿ ಹೋಯಿತು? ಮೋಟರ್ ಒಳಗೇ ಬಿಸಿಯಾಗಿ ಕೂತಿದೆ. ಮನೆಯ ಗೀಸರ್ 3 ಕಿಲೋವಾಟ್ ಅಂದುಕೊಂಡರೆ, ಒಂದು ಮೋಟರ್ ಒಳಗೆ 15 ಗೀಸರ್ ಹಚ್ಚಿಟ್ಟ ಹಾಗೆ. ಇದು ಎಲ್ಲಾ ಸರಿಯಿದ್ದಾಗಿನ ಕಥೆ.

ಕರೆಂಟ್ ಏರಿದರೆ ಬಿಸಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. 900ರ ಬದಲು 1350 ಎಳೆದರೆ ಕರೆಂಟ್ ಒಂದೂವರೆ ಪಟ್ಟು. ತಂತಿಯ ಬಿಸಿ ಮಾತ್ರ ಎರಡೂ ಕಾಲು ಪಟ್ಟು. ಬಿಸಿ ತಿಂದ ಇನ್ಸುಲೇಶನ್‌ಗೆ ಒಂದು ಹಳೆಯ ಲೆಕ್ಕವಿದೆ: ತಡೆದುಕೊಳ್ಳುವ ಮಿತಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಅರ್ಧ. ಹಾಗಾಗಿ ಇವತ್ತು ನೀವು ಬೇಯಿಸಿದ ಮೋಟರ್ ಇವತ್ತೇ ಸಾಯುವುದಿಲ್ಲ. ಮೂರು ತಿಂಗಳ ನಂತರ ಇನ್ಯಾರದೋ ಡ್ಯೂಟಿಯಲ್ಲಿ ಸಾಯುತ್ತದೆ. ಬೈಗುಳ ಅವನಿಗೆ.

ಕರೆಂಟ್ ಜಾಸ್ತಿ ಆಗುವುದು ಯಾವಾಗ?

ಮೋಟರ್ ತಿರುಗುತ್ತಿದ್ದರೆ ಅದೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಅದು ಒಳಬರುವ ಕರೆಂಟನ್ನು ತಡೆಯುತ್ತದೆ. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಮೋಟರ್ ನಿಂತಿದ್ದರೆ ತಡೆ ಸೊನ್ನೆ. ಉಳಿಯುವುದು ಬರೀ ತಾಮ್ರದ ರೆಸಿಸ್ಟೆನ್ಸ್.

ಅದೆಷ್ಟು? ಮೇಲಿನ 45 ಕಿಲೋವಾಟ್ ಪೂರ್ತಿ ತಾಮ್ರದಲ್ಲೇ ಹೋಯಿತು ಅಂತ ಹಿಡಿದರೂ 0.055 ಓಮ್ ಬರುತ್ತದೆ. ನಿಂತ ಮೋಟರ್‌ಗೆ ನೇರ 750 ವೋಲ್ಟ್ ಕೊಟ್ಟರೆ, ಲೆಕ್ಕದ ಪ್ರಕಾರ 13 ಸಾವಿರ ಆಂಪ್ ದಾಟುತ್ತದೆ. ಅದಕ್ಕೇ 32 ನಾಚ್‌ಗಳ (ಹಂತಗಳ) ಟ್ಯಾಪ್ ಚೇಂಜರ್ ಇಟ್ಟಿರುವುದು. ಅದಕ್ಕೇ ಜಿಆರ್, ಅಂದರೆ ಈ ಟ್ಯಾಪ್ ಚೇಂಜರ್, ಸೊನ್ನೆಗೆ ಬಂದು ಅದನ್ನು ತೋರಿಸುವ ಎಲ್‌ಎಸ್‌ಜಿಆರ್ ದೀಪ ಹತ್ತದೆ ಡಿಜೆ (ಲೋಕೋದ ಮುಖ್ಯ ಸರ್ಕ್ಯೂಟ್ ಬ್ರೇಕರ್) ಕ್ಲೋಸ್ ಆಗುವುದಿಲ್ಲ. ವೋಲ್ಟೇಜನ್ನು ಚೂರು ಚೂರೇ ಕೊಡಬೇಕು. ಮೋಟರ್ ತಿರುಗಿ ತನ್ನ ತಡೆ ತಾನೇ ಕಟ್ಟಿಕೊಳ್ಳುವವರೆಗೆ ಕಾಯಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿಂದಲೇ ಬರುತ್ತವೆ.

ಹೆಜ್ಜೆ 1. ಹೊರಡುವ ಮುಂಚೆ ಗಾಳಿ ನೋಡಿ

ಎಂವಿಎಂಟಿ-1 ಅನ್ನುವ ಬ್ಲೋವರ್ ಮೊದಲ ಮೂರು ಮೋಟರ್‌ಗೆ ಗಾಳಿ ಕೊಡುತ್ತದೆ, ಎಂವಿಎಂಟಿ-2 ಉಳಿದ ಮೂರಕ್ಕೆ. ಬ್ಲೋವರ್ ಹಚ್ಚಿ ಸದ್ದು ಕೇಳಿ. ಎರಡರ ಸದ್ದೂ ಒಂದೇ ಥರ ಇರಬೇಕು. ಒಂದು ತೇಕುತ್ತಿದ್ದರೆ ಅಲ್ಲೇ ಬರೆಸಿ.

ಆಮೇಲೆ ಕೆಳಗೆ ಇಳಿದು ಟಾರ್ಚ್ ಬಿಡಿ. ಲೋಕೋ ಬಾಡಿಯಿಂದ ಮೋಟರ್‌ಗೆ ಗಾಳಿ ಇಳಿಯುವ ಜಾಗದಲ್ಲಿ ಬೆಲೋಸ್ (ಮಡಿಕೆ ಮಡಿಕೆಯ ಮೆತ್ತನೆ ಕೊಳವೆ) ಇರುತ್ತದೆ. ಅದು ಹರಿದಿದ್ದರೆ ಬ್ಲೋವರ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಪೂರ್ತಿ ಹೊರಗೆ. ರಿಲೇಗೆ ಇದು ಗೊತ್ತಾಗದೆಯೂ ಹೋಗಬಹುದು. ಮೋಟರ್‌ನ ಇನ್‌ಸ್ಪೆಕ್ಷನ್ ಕವರ್ ಸರಿಯಾಗಿ ಕೂತಿದೆಯಾ ನೋಡಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಒಳಗೆ ನೀರು ಹೋದರೆ ಕಾಮ್ಯುಟೇಟರ್ (ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತಾಮ್ರದ ಪಟ್ಟಿಗಳ ಉರುಳೆ) ಮೇಲೆ ಫ್ಲ್ಯಾಶ್ ಓವರ್, ಅಂದರೆ ಕಿಡಿ ಹಾರಿ ಶಾರ್ಟ್, ಆಗುತ್ತದೆ. ಅದು ಕರೆಂಟ್ ಜಾಸ್ತಿಯ ಇನ್ನೊಂದು ಮುಖ, ಕೆಟ್ಟ ಮುಖ.

ಗಾಳಿ ರಿಲೇ ಕೆಟ್ಟಿದೆ ಅಂತ ಬೈಪಾಸ್ ಮಾಡುವ ಸಂದರ್ಭ ಬರುತ್ತದೆ. ಮಾಡಿ, ಪುಸ್ತಕವೇ ಹೇಳುತ್ತದೆ. ಆದರೆ ಗಾಳಿ ನಿಜವಾಗಿ ಬರುತ್ತಿದೆ ಅಂತ ನೋಡಿಕೊಂಡೇ ಮಾಡಿ. "ರಿಲೇನೇ ಕೆಟ್ಟಿರತ್ತೆ ಬಿಡಿ ಸಾರ್" ಅನ್ನುವ ಮಾತಿಗೆ ಎಷ್ಟು ಮೋಟರ್ ಬಲಿಯಾಗಿವೆಯೋ!

ಚಕ್ರ ಜಾರದಂತೆ ಹಳಿ ಮೇಲೆ ಹಾಕುವ ಮರಳಿನ ಡಬ್ಬಿಯನ್ನೂ ತೆಗೆದು ನೋಡಿ. ಒದ್ದೆಯಾಗಿ ಗಟ್ಟಿಯಾದ ಮರಳು ಇದ್ದೂ ಇಲ್ಲದ ಹಾಗೆ.

ಹೆಜ್ಜೆ 2. ಗಾಡಿಯ ಬ್ರೇಕ್ ಬಿಟ್ಟಿದೆಯಾ?

ನನ್ನ ಅನುಭವದಲ್ಲಿ ಕರೆಂಟ್ ತೋರಿಸುವ ಆಮೀಟರ್ ಮುಳ್ಳು ಸುಮ್‌ಸುಮ್ನೆ ಮೇಲೆ ನಿಂತರೆ ನೂರಕ್ಕೆ ಎಂಬತ್ತು ಸಲ ತಪ್ಪು ಲೋಕೋದಲ್ಲಿರುವುದಿಲ್ಲ, ಹಿಂದಿರುತ್ತದೆ.

ಒಮ್ಮೆ ಜೋಲಾರ್‌ಪೇಟೆ ಬಿಟ್ಟು ಬಂಗಾರಪೇಟೆ ಕಡೆ ಖಾಲಿ ಗೂಡ್ಸ್ ತರುತ್ತಿದ್ದೆ. ಆ ದಾರಿ ಬಹುಪಾಲು ಏರು. ರಾತ್ರಿ, ಜಿಟಿಜಿಟಿ ಮಳೆ. ಖಾಲಿ ರೇಕ್ ಆದ್ದರಿಂದ ಮುಳ್ಳು ಎಲ್ಲಿ ನಿಲ್ಲಬೇಕು ಅಂತ ನನಗೆ ಅಂದಾಜಿತ್ತು. ಅದಕ್ಕಿಂತ ನೂರು ಆಂಪ್ ಮೇಲೆ ನಿಂತಿತ್ತು. ವೇಗ ಏರಿದ ಮೇಲೆ ಇಳಿಯಬೇಕಲ್ವಾ? ಇಳಿಯಲಿಲ್ಲ. ವೇಗವೂ ಏರಲಿಲ್ಲ. ಎಎಲ್‌ಪಿ ಹುಡುಗ "ಏರಲ್ವಾ ಸಾರ್, ಅದಕ್ಕೆ" ಅಂದ. ಏರು ನಿನ್ನೆಯೂ ಇತ್ತಪ್ಪಾ, ಅಂದೆ.

ಗಾರ್ಡ್‌ಗೆ ವಾಕಿಟಾಕಿಯಲ್ಲಿ ಹೇಳಿ ಮುಂದಿನ ಸ್ಟೇಷನ್‌ನಲ್ಲಿ ನಿಲ್ಲಿಸಿದೆವು. ಹುಡುಗ ಟಾರ್ಚ್ ಹಿಡಿದು ನಡೆದ. ಹತ್ತು ನಿಮಿಷದಲ್ಲಿ ವಾಕಿಟಾಕಿ ಕೂಗಿತು. ಒಟ್ಟಿಗೆ ಮೂರು ವ್ಯಾಗನ್, ಹ್ಯಾಂಡ್ ಬ್ರೇಕ್ ಬಿಗಿಯಾಗಿ ಸುತ್ತಿದ್ದು ಹಾಗೇ ಇದೆ. ಬ್ರೇಕ್ ಬ್ಲಾಕ್ ಕೆಂಪಗಾಗಿ ಮಳೆ ಹನಿ ಬಿದ್ದಲ್ಲಿ ಚುಂಯ್ ಅನ್ನುತ್ತಿತ್ತಂತೆ. ಯಾವುದೋ ಸೈಡಿಂಗ್‌ನಲ್ಲಿ ಕಟ್ಟಿದವರು ಬಿಚ್ಚುವುದನ್ನು ಮರೆತಿದ್ದರು. ಬಿಚ್ಚಿ ಹೊರಟ ಮೇಲೆ ಮುಳ್ಳು ತನ್ನ ಜಾಗಕ್ಕೆ ಬಂದು ಕೂತಿತು. ಅಷ್ಟು ಹೊತ್ತೂ ಒಂದು ರಿಲೇಯೂ ಬಾಯಿ ಬಿಟ್ಟಿರಲಿಲ್ಲ.

ಹಾಗಾಗಿ ಬಿಪಿ (ಬ್ರೇಕ್ ಪೈಪ್) ಪ್ರೆಶರ್ 5 ಕೆಜಿ ಬಂತಾ, ಗಾರ್ಡ್ ಕಡೆಯೂ ಬಂತಾ ಕೇಳಿ. ಬ್ರೇಕ್ ಬಿಟ್ಟ ಮೇಲೆ ಹಿಂದಿನ ವ್ಯಾಗನ್‌ವರೆಗೂ ಬಿಡುಗಡೆ ಆಗಲು ಸಮಯ ಕೊಡಿ. ಸಿಗ್ನಲ್ ಹಸಿರಾಯಿತು ಅಂತ ಆ ಅರ್ಧ ನಿಮಿಷ ಉಳಿಸಲು ಹೋಗಬೇಡಿ.

ಹೆಜ್ಜೆ 3. ಹೊರಡಿಸುವಾಗ ಮುಳ್ಳಿಗೆ ಕಾಯಿರಿ

ಒಂದು ನಾಚ್ ಕೊಡಿ. ಮುಳ್ಳು ಮೇಲೆ ಹೋಗುತ್ತದೆ. ನಿಲ್ಲಲಿ. ಗಾಡಿ ಅಲುಗಿದ ಮೇಲೆ ಮುಳ್ಳು ತಾನೇ ನಿಧಾನಕ್ಕೆ ಕೆಳಗೆ ಬರುತ್ತದೆ. ಎದುರು ವೋಲ್ಟೇಜ್ ಹುಟ್ಟುತ್ತಿದೆ ಅಂತ ಅರ್ಥ. ಇಳಿಯಲು ಶುರುವಾದ ಮೇಲೆ ಮುಂದಿನ ನಾಚ್. ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಒಳ್ಳೆಯ ಡ್ರೈವರ್ ಕೈಯಲ್ಲಿ ಮುಳ್ಳು ಉಸಿರಾಡುವ ಹಾಗೆ ಕಾಣುತ್ತದೆ. ಅವಸರದವನ ಕೈಯಲ್ಲಿ ಏರಿದ್ದು ಏರಿದ್ದೇ.

ನಾಚ್ ಕೊಟ್ಟರೂ ಗಾಡಿ ಅಲುಗದಿದ್ದರೆ? ಹಾಗೇ ಹಿಡಿದು ನಿಲ್ಲಬೇಡಿ. ಇದು ಇಡೀ ಲೇಖನದಲ್ಲಿ ಮುಖ್ಯವಾದ ಸಾಲು. ಮೋಟರ್ ತಿರುಗುತ್ತಿದ್ದರೆ ಕಾಮ್ಯುಟೇಟರ್‌ನ ಎಲ್ಲಾ ತಾಮ್ರದ ಪಟ್ಟಿಗಳೂ ಸರದಿಯಲ್ಲಿ ಕಾರ್ಬನ್ ಬ್ರಷ್ ಕೆಳಗೆ ಬಂದು ಹೋಗುತ್ತವೆ, ಬಿಸಿ ಹಂಚಿಕೊಳ್ಳುತ್ತವೆ. ನಿಂತ ಮೋಟರ್‌ನಲ್ಲಿ ಅದೇ ನಾಲ್ಕೈದು ಪಟ್ಟಿಗಳ ಮೇಲೆ ನೂರಾರು ಆಂಪ್ ಕೂತಿರುತ್ತದೆ. ಆ ಜಾಗ ಕಪ್ಪಾಗಿ ಸುಟ್ಟು ತಗ್ಗು ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಬ್ರಷ್ ಅಲ್ಲಿ ಹಾರುತ್ತದೆ, ಕಿಡಿ ಬಿಡುತ್ತದೆ. ಶೆಡ್‌ನಲ್ಲಿ ಮೋಟರ್ ಬಿಚ್ಚಿದವರು ಗುರುತು ನೋಡಿಯೇ ಹೇಳುತ್ತಾರೆ, ಯಾರೋ ಏರಿನಲ್ಲಿ ನಿಲ್ಲಿಸಿ ಹಿಡಿದಿದ್ದಾರೆ ಅಂತ.

ಕೆಲವೇ ಸೆಕೆಂಡಲ್ಲಿ ಅಲುಗದಿದ್ದರೆ ಸೊನ್ನೆಗೆ ತನ್ನಿ. ಬ್ರೇಕ್ ಮತ್ತೆ ನೋಡಿ, ಮರಳು ಹಾಕಿ, ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಬ್ಯಾಂಕರ್ (ಹಿಂದಿನಿಂದ ತಳ್ಳುವ ಎಂಜಿನ್) ಕೇಳಿ. ನಾಚಿಕೆ ಬೇಡ.

ಹೆಜ್ಜೆ 4. ಏರಿನಲ್ಲಿ ಗಡಿಯಾರ

ಏರಿನ ಲೆಕ್ಕ ಸುಲಭ. 1ಕ್ಕೆ 100ರ ಏರಿನಲ್ಲಿ ಪ್ರತಿ ಟನ್ನೂ 10 ಕೆಜಿ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ 1ಕ್ಕೆ 50ರಲ್ಲಿ 20 ಕೆಜಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟಿಯ 1ಕ್ಕೆ 37ರಲ್ಲಿ 27 ಕೆಜಿ. 1000 ಟನ್ ಗಾಡಿ 1ಕ್ಕೆ 50ರಲ್ಲಿ ಇದ್ದರೆ ಬರೀ ಏರಿಗೇ 20 ಟನ್ ಬಲ ಬೇಕು. ತಿರುವು, ಗಾಳಿ, ಉಜ್ಜಾಟ ಎಲ್ಲ ಬೇರೆ.

900ರ ಒಳಗೆ ಇದ್ದರೆ ಚಿಂತೆಯಿಲ್ಲ. ಮೇಲೆ ಹೋದರೆ ಟೈಮ್ ನೋಡಿ. ಎಷ್ಟು ಆಂಪ್‌ಗೆ ಎಷ್ಟು ನಿಮಿಷ ಅನ್ನುವ ಪಟ್ಟಿ ನಿಮ್ಮ ಪುಸ್ತಕದಲ್ಲಿದೆ. ಬಾಯಿಪಾಠ ಮಾಡಿ. ನಾನು ಎಎಲ್‌ಪಿಗೆ ಒಂದು ಕೆಲಸ ಕೊಡುತ್ತಿದ್ದೆ: ಮುಳ್ಳು 900 ದಾಟಿದ ಕೂಡಲೇ ಕೂಗಿ ಟೈಮ್ ಹೇಳಬೇಕು, ಕೆಳಗೆ ಬಂದಾಗ ಮತ್ತೆ ಹೇಳಬೇಕು. ಎರಡು ಟ್ರಿಪ್ ಬೇಜಾರು ಮಾಡಿಕೊಳ್ಳುತ್ತಾರೆ. ಮೂರನೆಯದರಿಂದ ಅಭ್ಯಾಸ.

ಇನ್ನೊಂದು ಮಾತು. ಆರಕ್ಕೆ ಆರೂ ಮೋಟರ್‌ಗೆ ಕ್ಯಾಬ್‌ನಲ್ಲಿ ಮೀಟರ್ ಇರುವುದಿಲ್ಲ. ನೀವು ನೋಡುತ್ತಿರುವುದಕ್ಕಿಂತ ಪಕ್ಕದ ಮೋಟರ್ ಸ್ವಲ್ಪ ಜಾಸ್ತಿ ಎಳೆಯುತ್ತಿರಬಹುದು. ಮಿತಿಯ ಅಂಚಿನಲ್ಲಿ ಓಡಿಸಬೇಡಿ.

ಫೀಲ್ಡ್ ಶಂಟ್ ಹಾಕಿದ್ದರೆ ಏರು ಶುರುವಾಗಿ ವೇಗ ಬೀಳುವ ಮುಂಚೆಯೇ ತೆಗೆಯಿರಿ. ಶಂಟ್ ಮಾಡುವುದೇ ಫೀಲ್ಡ್, ಅಂದರೆ ಮೋಟರ್ ಒಳಗಿನ ಕಾಂತಶಕ್ತಿ, ದುರ್ಬಲ ಮಾಡಿ ಎದುರು ವೋಲ್ಟೇಜ್ ಇಳಿಸಲು. ವೇಗ ಇದ್ದಾಗ ಅದು ಲಾಭ. ವೇಗ ಬಿದ್ದಾಗ ಅದೇ ಕರೆಂಟನ್ನು ಒಳಗೆ ಕರೆದು ಕೂರಿಸುತ್ತದೆ.

ಏರು ಮುಗಿದು ಲೂಪ್‌ನಲ್ಲಿ (ಸ್ಟೇಷನ್‌ನ ಪಕ್ಕದ ಲೈನಿನಲ್ಲಿ) ನಿಂತರೆ ಬ್ಲೋವರ್ ಆರಿಸಬೇಡಿ. ಸದ್ದು ಕಿರಿಕಿರಿ, ಗೊತ್ತು. ಹತ್ತು ಹದಿನೈದು ನಿಮಿಷ ತಿರುಗಲಿ. ಒಳಗಿನ ತಾಮ್ರ ತಣ್ಣಗಾಗಲು ಸಮಯ ಬೇಕು.

ಹೆಜ್ಜೆ 5. ಚಕ್ರ ಜಾರಿದರೆ

ಜಾರಿದ ಚಕ್ರದ ಮೋಟರ್ ಗರ್ರನೆ ತಿರುಗುತ್ತದೆ, ಅದರ ಕರೆಂಟ್ ಇಳಿಯುತ್ತದೆ. ಕ್ಯುಡಿ ರಿಲೇಗಳು ಎರಡು ಮೋಟರ್‌ಗಳ ಕರೆಂಟ್ ಹೋಲಿಸುತ್ತಿರುತ್ತವೆ. ವ್ಯತ್ಯಾಸ ಕಂಡರೆ ಎಲ್‌ಎಸ್‌ಪಿ ದೀಪ ಹತ್ತಿ, ನಾಚ್ ತಾನಾಗಿ ಇಳಿಯುತ್ತದೆ, ಮರಳು ಬೀಳುತ್ತದೆ.

ಅಪಾಯ ಜಾರುವಾಗ ಇರುವುದಕ್ಕಿಂತ ಮತ್ತೆ ಹಿಡಿದಾಗ ಜಾಸ್ತಿ. ಗರ್ರನೆ ತಿರುಗುತ್ತಿದ್ದ ಚಕ್ರ ಒಣ ಹಳಿ ಸಿಕ್ಕಿ ಗಕ್ಕನೆ ನಿಧಾನವಾದರೆ ಎದುರು ವೋಲ್ಟೇಜ್ ಒಂದೇ ಸಲ ಕುಸಿಯುತ್ತದೆ. ನಾಚ್ ಮೇಲೇ ಇದ್ದರೆ ಕರೆಂಟ್ ನುಗ್ಗುತ್ತದೆ. ಫ್ಲ್ಯಾಶ್ ಓವರ್ ಆಗುವುದು ಇಂಥ ಹೊತ್ತಲ್ಲೇ. ಹಾಗಾಗಿ ರಿಲೇ ನಾಚ್ ಇಳಿಸಿದ ಮರುಕ್ಷಣ ನೀವು ಮತ್ತೆ ಏರಿಸಿ ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ. ಜಾರುವ ಜಾಗ ಬರುತ್ತಿದೆ ಅಂತ ಗೊತ್ತಿದ್ದರೆ ಮುಂಚೆಯೇ ಮರಳು ಹಾಕಿ. ಜಾರುತ್ತಿರುವ ಚಕ್ರದ ಕೆಳಗೆ ಹಾಕುವುದಾದರೆ ಮೊದಲು ನಾಚ್ ಇಳಿಸಿ, ಆಮೇಲೆ ಪೆಡಲ್ ಒತ್ತಿ.

ಹೆಜ್ಜೆ 6. ಡಿಜೆ ಟ್ರಿಪ್ ಆದರೆ

ಢಂ ಅಂತ ಸದ್ದು, ಡಿಜೆ ಬಿಟ್ಟಿದೆ ಅನ್ನುವ ಎಲ್‌ಎಸ್‌ಡಿಜೆ ದೀಪ, ಬ್ಲೋವರ್ ಸದ್ದು ಇಳಿಯುತ್ತದೆ. ಎಂಪಿ (ನಾಚ್ ಕೊಡುವ ಹಿಡಿಕೆ) ಸೊನ್ನೆಗೆ ತನ್ನಿ. ಕೈ ತಾನಾಗಿ ಮತ್ತೆ ಕ್ಲೋಸ್ ಮಾಡುವ ಸ್ವಿಚ್ ಕಡೆ ಹೋಗುತ್ತದೆ. ಹೋಗದಿರಲಿ. ಮೊದಲು ಎಎಲ್‌ಪಿ ರಿಲೇ ಪ್ಯಾನೆಲ್‌ಗೆ ಹೋಗಿ ಯಾವ ಕೆಂಪು ಟಾರ್ಗೆಟ್ (ಯಾವ ರಿಲೇ ಕೆಲಸ ಮಾಡಿತು ಅಂತ ತೋರಿಸುವ ಗುರುತು) ಬಿದ್ದಿದೆ ನೋಡಲಿ.

ಕ್ಯುಆರ್‌ಎಸ್‌ಐ-1 ಅನ್ನುವ ರಿಲೇ ಬಿದ್ದಿದ್ದರೆ ತಪ್ಪು ಮೊದಲ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಸಾಧನ) ಮತ್ತು 1, 2, 3ನೇ ಮೋಟರ್‌ಗಳ ಕಡೆ. ಕ್ಯುಆರ್‌ಎಸ್‌ಐ-2 ಆದರೆ 4, 5, 6. ಒಂದು ರಿಲೇ ಮೂರು ಮೋಟರ್‌ಗಳ ಒಟ್ಟು ಕರೆಂಟ್ ಕಾಯುತ್ತದೆ ಅನ್ನುವುದನ್ನು ಗಮನಿಸಿ. ಮಾಮೂಲಿ ಓಟಕ್ಕೇ ಮೂರರದು ಸೇರಿ 2700 ಆಂಪ್. ಹೊರಡುವಾಗ ಇನ್ನೂ ಜಾಸ್ತಿ. ಅದಕ್ಕೂ ಮೇಲೆ ರಿಲೇ ಸೆಟ್ ಮಾಡಿರಲೇಬೇಕು, ಇಲ್ಲದಿದ್ದರೆ ಗಾಡಿ ಹೊರಡುವುದೇ ಇಲ್ಲ. ಅಂದರೆ ಮೂರೂ ಮೋಟರ್ ಸಾವಿರ ಸಾವಿರ ಆಂಪ್ ಎಳೆಯುತ್ತಾ ಬೇಯುತ್ತಿದ್ದರೂ ಅದು ಮಿಸುಕದು. ಬಿದ್ದಿದೆ ಅಂದರೆ ದೊಡ್ಡದೇನೋ ಆಗಿದೆ.

ಏನೂ ಅಸಹಜ ಕಾಣದಿದ್ದರೆ ಟಾರ್ಗೆಟ್ ರೀಸೆಟ್ ಮಾಡಿ, ಕಡಿಮೆ ನಾಚ್‌ನಲ್ಲಿ ನೋಡಿ. ಮತ್ತೆ ಬಿದ್ದರೆ ಎಚ್‌ಎಂಸಿಎಸ್ ಸ್ವಿಚ್‌ನಿಂದ ಆ ಗುಂಪಿನ ಮೋಟರ್‌ಗಳನ್ನು ಪುಸ್ತಕದ ಕ್ರಮದಲ್ಲಿ ಒಂದೊಂದಾಗಿ ಬಿಡಿಸಿ ಕಳ್ಳನನ್ನು ಹಿಡಿಯಿರಿ. ಕ್ಯುಒಪಿ ಬಿದ್ದಿದ್ದರೆ ಪವರ್ ಸರ್ಕ್ಯೂಟ್ ಎಲ್ಲೋ ಬಾಡಿಗೆ ತಾಗಿದೆ.

ಕ್ಯುಎಲ್‌ಎಂ ಬಿದ್ದಿದ್ದರೆ ಬೇರೆಯೇ ಮಾತು. ಅದು ಟ್ರಾನ್ಸ್‌ಫಾರ್ಮರ್‌ನ 25 ಸಾವಿರ ವೋಲ್ಟ್ ಕಡೆಯ ಕಾವಲು. ಹೊಗೆ, ವಾಸನೆ, ಎಣ್ಣೆ ಚೆಲ್ಲಿದ್ದು ಎಲ್ಲಾ ನೋಡದೆ ರೀಸೆಟ್ ಮುಟ್ಟಬೇಡಿ. ಎರಡನೇ ಸಲವೂ ಬಿದ್ದರೆ ಲೋಕೋ ಫೇಲ್ ಅಂತ ಟಿಎಲ್‌ಸಿಗೆ (ಟ್ರ್ಯಾಕ್ಷನ್ ಲೋಕೋ ಕಂಟ್ರೋಲರ್‌ಗೆ) ಹೇಳಿ ಕೂತುಬಿಡಿ.

ಎಚ್‌ಟಿ (ಹೈ ಟೆನ್ಶನ್) ಕಂಪಾರ್ಟ್‌ಮೆಂಟ್ ತೆರೆಯಬೇಕಾದರೆ ದಾರಿ ಒಂದೇ. ಪ್ಯಾಂಟೋ (ಮೇಲಿನ ತಂತಿಯಿಂದ ಕರೆಂಟ್ ತೆಗೆಯುವ ಚೌಕಟ್ಟು) ಇಳಿಸಿ, ಕಣ್ಣಾರೆ ನೋಡಿ, ಅದರ ಸ್ವಿಚ್‌ನ ಜೆಡ್‌ಪಿಟಿ ಕೀಲಿ ತೆಗೆದು, ಎಚ್‌ಒಎಂ ಅನ್ನುವ ಸ್ವಿಚ್‌ನಿಂದ ಅರ್ತ್ ಮಾಡಿ, ಅದರಿಂದ ಬಿಡುಗಡೆಯಾದ ಕಾಬಾ ಕೀಲಿಯಿಂದ ಬಾಗಿಲು. ಮೋಟರ್ ಹೋದರೆ ಇನ್ನೊಂದು ಬರುತ್ತದೆ.

ಹೆಜ್ಜೆ 7. ಒಂದು ಮೋಟರ್ ಬಿಡಿಸಿದ ಮೇಲೆ

ಮುಂಚಿನ ಹಾಗೇ ಓಡಿಸಲು ಹೋಗುವುದು ಇಲ್ಲಿಯ ತಪ್ಪು. ಆರು ಜನ ಹೊರುತ್ತಿದ್ದ ಪಲ್ಲಕ್ಕಿ ಐದು ಜನರ ಹೆಗಲ ಮೇಲೆ ಬಂದಿದೆ. ಎಳೆತ ಅಷ್ಟೇ ಬೇಕು ಅಂದರೆ ಒಬ್ಬೊಬ್ಬನ ಮೇಲೆ ಶೇಕಡಾ 20ರಷ್ಟು ಜಾಸ್ತಿ. ಬಿಸಿ ವರ್ಗದ ಲೆಕ್ಕವಾದ್ದರಿಂದ 1.2 ಗುಣಿಸು 1.2, ಅಂದರೆ ಶೇಕಡಾ 44 ಜಾಸ್ತಿ. ಸಮತಟ್ಟು ದಾರಿಯಾದರೆ ನಿಧಾನಕ್ಕೆ ಹೋಗಬಹುದು. ಮುಂದೆ ಏರಿದ್ದರೆ ಹೊರಡುವ ಮುಂಚೆಯೇ ಲೋಡ್ ಬಗ್ಗೆ ಕಂಟ್ರೋಲ್ ಜೊತೆ ಮಾತಾಡಿ. ಅರ್ಧ ಏರಿನಲ್ಲಿ ನಿಂತು ಮಾತಾಡುವುದಕ್ಕಿಂತ ಇದು ವಾಸಿ.

ತ್ರೀ ಫೇಸ್ ಲೋಕೋದವರಿಗೆ

ವ್ಯಾಗ್-9, ವ್ಯಾಪ್-7ರಲ್ಲಿ ಕಾರ್ಬನ್ ಬ್ರಷ್ ಇಲ್ಲ, ಕಾಮ್ಯುಟೇಟರ್ ಇಲ್ಲ. 850 ಕಿಲೋವಾಟ್ ಮೋಟರ್, 2180 ವೋಲ್ಟ್. ವೋಲ್ಟೇಜ್ ಜಾಸ್ತಿ, ಹಾಗಾಗಿ ಕರೆಂಟ್ ಮುನ್ನೂರರ ಆಸುಪಾಸು ಅಷ್ಟೇ. ಕರೆಂಟ್, ಬಿಸಿ ಎರಡನ್ನೂ ಕಂಪ್ಯೂಟರ್ ನೋಡುತ್ತಿರುತ್ತದೆ. ಜಾಸ್ತಿಯಾದರೆ ನೀವು ಕೇಳಿದಷ್ಟು ಎಳೆತ ಅದು ಕೊಡುವುದೇ ಇಲ್ಲ. ಅಲ್ಲಿ ನಿಮ್ಮ ಕೆಲಸ ಡಿಸ್‌ಪ್ಲೇ ಮೇಲಿನ ಫಾಲ್ಟ್ ಮೆಸೇಜನ್ನು ಓದಿ ಬರೆದುಕೊಂಡ ಮೇಲೆ ಒಪ್ಪಿಕೊಳ್ಳುವುದು, ಅಗತ್ಯ ಬಿದ್ದರೆ 154 ಸ್ವಿಚ್‌ನಿಂದ ಬೋಗಿ (ಲೋಕೋ ಕೆಳಗಿನ ಮೂರು ಮೋಟರ್‌ಗಳ ಚಕ್ರದ ಗುಂಪು) ಬಿಡಿಸುವುದು. ಆದರೆ ಬ್ರೇಕ್ ಬಿಡದ ವ್ಯಾಗನ್, ಒದ್ದೆ ಮರಳು, ಹರಿದ ಬೆಲೋಸ್ ಇವು ಯಾವ ಲೋಕೋಗಾದರೂ ಒಂದೇ.

ಕೊನೆಯ ಹೆಜ್ಜೆ. ಲಾಗ್ ಬುಕ್

"ಮೋಟರ್ ಓವರ್‌ಲೋಡ್, ದಯವಿಟ್ಟು ಅಟೆಂಡ್ ಮಾಡಿ" ಅಂತ ಬರೆದರೆ ಶೆಡ್‌ನವರಿಗೆ ಏನೂ ಸಿಗುವುದಿಲ್ಲ. ಖಾಲಿ ನಿಂತ ಲೋಕೋದಲ್ಲಿ ಅವರಿಗೆ ಎಲ್ಲಾ ಸರಿಯಾಗೇ ಕಾಣುತ್ತದೆ, ಸಹಿ ಹಾಕಿ ಹೊರಗೆ ಕಳಿಸುತ್ತಾರೆ. ಹೀಗೆ ಬರೆಯಿರಿ: ಯಾವ ಕಿಲೋಮೀಟರ್, ಏರೋ ಸಮತಟ್ಟೋ, ಎಷ್ಟು ಟನ್, ಎಷ್ಟನೇ ನಾಚ್, ಎಷ್ಟು ವೇಗ, ಮುಳ್ಳು ಎಲ್ಲಿತ್ತು, ಎಷ್ಟು ನಿಮಿಷ, ಯಾವ ಟಾರ್ಗೆಟ್ ಬಿತ್ತು, ಎಷ್ಟು ಸಲ, ಯಾವ ಮೋಟರ್ ಬಿಡಿಸಿದಿರಿ, ವಾಸನೆ ಬಂತಾ. ನಿಂತಾಗ ಇಳಿದು ಆರೂ ಮೋಟರ್ ಹತ್ತಿರ ಹೋಗಿ ನೋಡಿದ್ದರೆ, ಯಾವುದರ ಹತ್ತಿರ ಬಿಸಿ ಜಾಸ್ತಿ ಅನ್ನಿಸಿತು ಅಂತಲೂ ಬರೆಯಿರಿ. ಬರೆದ ಪುಟವನ್ನು ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಆ ಮೋಟರ್ ಸುಟ್ಟಾಗ ನಿಮ್ಮನ್ನೇ ಕರೆದು ಕೇಳಿದರೂ ಕೇಳಬಹುದು.